ಇಲ್ಲೇ ಬಂದ್ನಿರಿ

ಕಳೆದ ಭಾನುವಾರ ಸಂಜೆ ಗದಗಿನ ಬಸ್ ನಿಲ್ದಾಣದಲ್ಲಿ ನನ್ನವಲ್ಲದ ಮೂರು ಚೀಲ, ಒಂದು ಹೊಸ ಸ್ಟೀಲ್ ಕೊಡ, ಒಂದು ಹೆಲ್ಮೆಟ್ ಮತ್ತು ಒಬ್ಬ ಅಜ್ಜಿಯನ್ನು ಕಾಯುತ್ತ ಕುಳಿತಿದ್ದಾಗ, ನಾನು ಹತ್ತಬೇಕಾಗಿದ್ದ ಹುಬ್ಬಳ್ಳಿಯ ತಡೆರಹಿತ ಬಸ್ಸು ಕಿಟಕಿ ಪಕ್ಕದ ಮೂರು ನಾಲ್ಕು ಸೀಟುಗಳನ್ನು ಖಾಲಿ ಇಟ್ಟುಕೊಂಡೇ ನನ್ನ ಕಣ್ಣೆದುರಿಗೆ ಹೊರಟುಹೋಯಿತು. ಹುಬ್ಬಳ್ಳಿಗೆ ಬಸ್ಸಿನ ಬರವೇನಿಲ್ಲ, ಒಂದು ಹೋದರೆ ಇನ್ನೊಂದು ಬರುತ್ತದೆ ಎಂದು ನೀವು ಸಮಾಧಾನ ಹೇಳಬಹುದು. ಕಿಟಕಿ ಪಕ್ಕದ ಖಾಲಿ ಸೀಟು ತನ್ನ ಪಾಡಿಗೆ ತಾನು ಹೋಗುವುದನ್ನು ಒಮ್ಮೆಯಾದರೂ ನೋಡಿದವರು ಅಂಥ ಸಮಾಧಾನ ಹೇಳುವುದಿಲ್ಲ. ಇಷ್ಟಕ್ಕೂ ನಾನು ಮಾಡಿದ ತಪ್ಪೆಂದರೆ ಒಬ್ಬಳೇ ಇದ್ದದ್ದು.

ಲಕ್ಕುಂಡಿಗೆ ಹೋಗಿ ಬರುತ್ತೇನೆ ಎಂದು ಹಿಂದಿನ ರಾತ್ರಿ ಹೇಳಿದಾಗ ಮನೆಯವರು ಕೇಳಿದ್ದು ಎರಡೇ ಮಾತು. "ಒಬ್ಬಾಕೀನ? ಯಾಕ?" ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ಉತ್ತರ ಹೇಳಿದ್ದರೆ ಭಾನುವಾರದ ಪ್ರವಾಸ ಅಲ್ಲಿಗೇ ಮುಗಿಯುತ್ತಿತ್ತು. ಏಕೆಂದರೆ ಹಿಂದೊಮ್ಮೆ ನಾವಿಬ್ಬರೂ ಕೂಡಿಯೇ ಲಕ್ಕುಂಡಿಗೆ ಹೋಗಿದ್ದೆವು. ನೂರೊಂದು ಗುಡಿ, ನೂರೊಂದು ಬಾವಿ ಇದ್ದ ಊರು ಎಂದು ಜನ ಹೇಳುವ ಆ ಊರನ್ನು ಅವರು ಇಪ್ಪತ್ತೈದು ನಿಮಿಷಗಳಲ್ಲಿ ನೋಡಿ ಮುಗಿಸಿ, ಕಾಶಿವಿಶ್ವನಾಥ ಗುಡಿಯ ಬಾಗಿಲುವಾಡದ ಕೆತ್ತನೆಯ ಎದುರು ನಾನು ಇನ್ನೂ ಕತ್ತು ಎತ್ತಿ ನಿಂತಿರುವಾಗಲೇ "ಕಲ್ಲು ನೋಡಿದ್ದಾತಲ್ಲ, ಊಟಕ್ಕ ನಡಿ" ಎಂದಿದ್ದರು. ಅಂದೇ ನಿರ್ಧರಿಸಿದ್ದೆ, ಮತ್ತೊಮ್ಮೆ ಬರುವುದಾದರೆ ಒಬ್ಬಳೇ ಬರುವುದೆಂದು. ಅದಕ್ಕೆ ಆರು ವರ್ಷ ಹಿಡಿಯಿತು.

ರೈಲಿನ ವಿಚಾರವನ್ನು ಮೊದಲೇ ಕೈಬಿಟ್ಟಿದ್ದೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮಿನ ಉದ್ದ 1507 ಮೀಟರ್. ಜಗತ್ತಿನಲ್ಲಿಯೇ ಅತಿ ಉದ್ದದ್ದು ಎಂದು ನಾವೆಲ್ಲ ನೆಂಟರಿಷ್ಟರ ಮುಂದೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಆದರೆ ಚೀಲ ಎಳೆದುಕೊಂಡು ಒಬ್ಬರೇ ನಡೆಯುವಾಗ ಹೆಮ್ಮೆ ಮೊದಲ ಮುನ್ನೂರು ಮೀಟರಿನಲ್ಲಿಯೇ ಖರ್ಚಾಗಿಬಿಡುತ್ತದೆ. ಇಬ್ಬರಿದ್ದರೆ ಒಬ್ಬರು ಆ ತುದಿಯಲ್ಲಿ, ಇನ್ನೊಬ್ಬರು ಈ ತುದಿಯಲ್ಲಿ ನಿಂತು, ಡಬ್ಬಿ ಎಲ್ಲಿ ಬರುತ್ತದೆ ಎಂದು ಫೋನಿನಲ್ಲಿ ಜಗಳವಾಡಬಹುದು. ಒಂಟಿಯಾಗಿರುವವರು ಆ ಜಗಳವನ್ನೂ ತಮ್ಮೊಳಗೆ ತಾವೇ ಆಡಿಕೊಳ್ಳಬೇಕು.

ಹೀಗಾಗಿ ಧಾರವಾಡದಿಂದ ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿಗೆ ಬಂದು, ಗದಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆ. ಕುಳಿತೆ ಎನ್ನುವುದು ಸ್ವಲ್ಪ ಅವಸರದ ಮಾತಾಯಿತು. ಐದು ನಿಮಿಷಕ್ಕೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದು ನಿಂತಿತು. "ಅಕ್ಕಾರ, ನೀವು ಒಬ್ಬರ ಅದೀರಲ್ರಿ, ಸ್ವಲ್ಪ ಆ ಸೀಟಿಗೆ ಹೋಗ್ರಿ." ಹೋದೆ. ಅಲ್ಲಿ ತಾಯಿ ಮಗಳು ಬಂದರು. "ನೀವು ಒಬ್ಬರ ಅದೀರಲ್ರಿ." ಅಲ್ಲಿಂದಲೂ ಎದ್ದೆ. ಮೂರನೆಯ ಸಲ ನನ್ನನ್ನು ಎಬ್ಬಿಸಿದವರು ಇಬ್ಬರು ಗೆಳೆಯರು. ಕುಳಿತ ಕೂಡಲೇ ಇಬ್ಬರೂ ಬೇರೆ ಬೇರೆ ಮೊಬೈಲ್ ತೆಗೆದು, ಗದಗ ಬರುವವರೆಗೆ ಒಂದೇ ಒಂದು ಮಾತನ್ನೂ ಆಡಲಿಲ್ಲ. ನಾನು ಹಿಂದಿನ ಗಾಲಿಯ ಮೇಲಿನ ಸೀಟಿನಲ್ಲಿ ಮೊಣಕಾಲನ್ನು ಗದ್ದಕ್ಕೆ ಆನಿಸಿಕೊಂಡು ಅವರ ಸ್ನೇಹವನ್ನು ನೋಡುತ್ತ ಕುಳಿತೆ.

2023ರ ಜೂನ್ 11ರಿಂದ ನಮ್ಮ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ದುಡ್ಡಿಲ್ಲ. ಹೀಗಾಗಿ ಹೆಂಗಸರು ಗುಂಪು ಕಟ್ಟಿಕೊಂಡು ಹೋಗುವುದು ಕಂಡಕ್ಟರರಿಗೆ ಎಷ್ಟು ರೂಢಿಯಾಗಿದೆಯೆಂದರೆ, ನನ್ನ ಆಧಾರ್ ಕಾರ್ಡನ್ನು ನೋಡಿ, ಅದರೊಳಗಿನ ಚಿತ್ರವನ್ನೂ ನನ್ನನ್ನೂ ಮತ್ತೊಮ್ಮೆ ನೋಡಿ, ನಮ್ಮಿಬ್ಬರ ಸಂಬಂಧವನ್ನು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡ ಆ ಕಂಡಕ್ಟರ್ ಕೇಳಿದ್ದು, "ಉಳದವ್ರು ಎಲ್ಲಿ ಕುಂತಾರ್ರಿ?" ಎಂದು. ಉಳಿದವರು ಯಾರೂ ಇಲ್ಲ ಎಂದೆ. ಶೂನ್ಯ ಮೊತ್ತದ ಆ ಒಂದೇ ಒಂದು ಟಿಕೆಟ್ಟನ್ನು ಹರಿದು ಕೊಡುವಾಗ ಅವರ ಮುಖದಲ್ಲಿ ಇದ್ದದ್ದು ಕನಿಕರವೋ ಸಂಶಯವೋ ನನಗೆ ಇನ್ನೂ ಗೊತ್ತಾಗಿಲ್ಲ.

ಆದರೂ ಸುಖವಿರಲಿಲ್ಲ ಎಂದರೆ ಸುಳ್ಳಾದೀತು. ಅಣ್ಣಿಗೇರಿ ದಾಟಿದ ಮೇಲೆ ಎರೆಹೊಲಗಳು ಎರಡೂ ಕಡೆ ಬಯಲಾಗಿ ಬಿಚ್ಚಿಕೊಂಡಾಗ "ಎಷ್ಟ್ ಚಂದ ಐತಲ್ಲ" ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ, ಹೇಳಿ "ಹ್ಞೂಂ" ಎಂಬ ಅರೆಮನಸ್ಸಿನ ಉತ್ತರವನ್ನು ಕೇಳಬೇಕಾಗಿಯೂ ಇರಲಿಲ್ಲ. ಗದಗಿನಲ್ಲಿಳಿದು ಎರಡು ಮಿರ್ಚಿ ತಿಂದೆ, ಎರಡನ್ನೂ ನಾನೇ ತಿಂದೆ. ಅಲ್ಲಿಂದ ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ ಮುಸುಕಿನ ಬಾವಿಯ ದಂಡೆಯ ಮೇಲೆ, ಕೆಳಗಿಳಿಯುವ ಮೆಟ್ಟಿಲುಗಳನ್ನೂ ಅವುಗಳ ಪಕ್ಕದ ಪುಟ್ಟ ಗೂಡುಗಳನ್ನೂ ನೋಡುತ್ತ ಅರ್ಧ ತಾಸು ಕುಳಿತೆ. ಊಟಕ್ಕೆ ಕರೆಯುವವರು ಯಾರೂ ಇರಲಿಲ್ಲ. ಹದಿನಾಲ್ಕು ಜನರ ಕುಟುಂಬವೊಂದು ಮಾತ್ರ "ಅಕ್ಕಾರ, ಖಾಲಿ ಅದೀರಲ್ರಿ, ಒಂದು ಫೋಟೋ ತಗೀರಿ" ಎಂದು ಕರೆದು, ಎಲ್ಲರೂ ಒಮ್ಮೆಗೆ ಕಣ್ಣು ತೆರೆದಿರುವ ಚಿತ್ರ ಬರುವವರೆಗೆ ಬಿಡಲಿಲ್ಲ. ನನ್ನದೊಂದು ಚಿತ್ರ ತೆಗೆಯಲು ಅವರಲ್ಲೊಬ್ಬರಿಗೆ ಮೊಬೈಲ್ ಕೊಟ್ಟೆ. ಅದರಲ್ಲಿ ಗುಡಿಯ ಶಿಖರವೂ ಅವರ ಹೆಬ್ಬೆರಳೂ ಬಹಳ ಸ್ಪಷ್ಟವಾಗಿ ಬಂದಿವೆ.

ಬ್ರಹ್ಮ ಜಿನಾಲಯದೊಳಗೆ ನಾಲ್ಕು ಮುಖದ ಬ್ರಹ್ಮನನ್ನು ನೋಡಿದಾಗ, ಒಬ್ಬರೇ ಪ್ರಯಾಣ ಮಾಡಲು ಇವನಿಗಿಂತ ತಕ್ಕವರು ಯಾರೂ ಇಲ್ಲ ಎನ್ನಿಸಿತು. ಒಂದು ಮುಖವನ್ನು ಚೀಲದ ಮೇಲೆ ಇಡಬಹುದು, ಒಂದನ್ನು ಬಸ್ಸಿನ ಬೋರ್ಡಿನ ಮೇಲೆ, ಇನ್ನೊಂದನ್ನು ಚಪ್ಪಲಿ ಬಿಟ್ಟ ಜಾಗದ ಮೇಲೆ; ನಾಲ್ಕನೆಯದರಿಂದ ನಿಶ್ಚಿಂತೆಯಾಗಿ ಚಹಾ ಕುಡಿಯಬಹುದು. ಆ ಬಸದಿಯನ್ನು 1007ರಲ್ಲಿ ಕಟ್ಟಿಸಿದವಳು ಅತ್ತಿಮಬ್ಬೆ. ಗಂಡ ಯುದ್ಧದಲ್ಲಿ ತೀರಿಹೋದ. ಅದೇ ಗಂಡನ ಕೈಹಿಡಿದಿದ್ದ ತಂಗಿ ಗುಂಡಮಬ್ಬೆ ಅವನೊಂದಿಗೇ ಚಿತೆಯೇರಿದಳು. ಇವಳು ಮಗನನ್ನು ಇಟ್ಟುಕೊಂಡು ಉಳಿದಳು. ಉಳಿದು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು, ರನ್ನನಿಗೆ ಆಶ್ರಯ ಕೊಟ್ಟಳು. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ಆದರೆ ಆ ತಂಪು ಕಲ್ಲಿಗೆ ಬೆನ್ನು ಕೊಟ್ಟು ಕುಳಿತಾಗ ನನಗೆ ಕಂಡದ್ದು ದಾನಚಿಂತಾಮಣಿಯಲ್ಲ, ಮನೆ ತುಂಬ ಜನರಿದ್ದೂ ಒಬ್ಬಳೇ ಆಗಿಹೋದ ಒಬ್ಬ ಹೆಣ್ಣುಮಗಳು. ಸಾವಿರ ಪ್ರತಿ ಬರೆಸುವಷ್ಟು ದಿನ ಅವಳ ಬಳಿಗೆ ಬಂದು "ನೀವು ಖಾಲಿ ಅದೀರಲ್ರಿ" ಎನ್ನಲು ಯಾರಿಗೂ ಧೈರ್ಯ ಬಂದಿರಲಾರದು.

ನನ್ನ ತಕರಾರು ಇರುವುದೇ ಈ 'ಖಾಲಿ' ಎಂಬ ಮಾತಿನ ಮೇಲೆ. ನಮ್ಮ ಬಡಾವಣೆಯಲ್ಲಿ ಒಂದು ಖಾಲಿ ಪ್ಲಾಟಿದೆ. ಮನೆ ಕಟ್ಟಿಸುವವರು ಅಲ್ಲಿ ಜಲ್ಲಿ ಸುರಿಯುತ್ತಾರೆ, ಮದುವೆಯವರು ಪೆಂಡಾಲು ಹಾಕುತ್ತಾರೆ, ಎದುರಿನ ಮನೆಯವರು ಕಾರು ನಿಲ್ಲಿಸುತ್ತಾರೆ. ಅದಕ್ಕೊಬ್ಬ ಮಾಲೀಕನಿದ್ದಾನೆ ಎಂಬುದು ಎಲ್ಲರಿಗೂ ಗೊತ್ತು, ಯಾರಿಗೂ ನೆನಪಿಲ್ಲ. ಒಬ್ಬಳೇ ಕುಳಿತ ಹೆಂಗಸಿನ ಸ್ಥಿತಿ ಆ ಪ್ಲಾಟಿಗಿಂತ ಬೇರೆಯಲ್ಲ.

ಗದಗಿನ ನಿಲ್ದಾಣದಲ್ಲಿ ನಡೆದದ್ದು ಅದೇ. ಸಂಜೆ ಐದು ಗಂಟೆಗೆ ಬಂದು ಕಲ್ಲುಬೆಂಚಿನ ಮೇಲೆ ಕುಳಿತು, ಚಹಾದ ಅಂಗಡಿಯ ಕಡೆಗೆ ಮುಖ ಮಾಡಿ ಇನ್ನೇನು ಏಳಬೇಕು, ಅಷ್ಟರಲ್ಲಿ ಎರಡು ಮಕ್ಕಳು, ಗಂಡ ಮತ್ತು ಅತ್ತೆಯೊಂದಿಗೆ ಒಬ್ಬ ಹೆಣ್ಣುಮಗಳು ಬಂದಳು. "ಒಬ್ಬರ ಏನ್ರಿ?" ಎಂದು ಕೇಳಿದಳು. ಹೌದೆಂದೆ. ಅಷ್ಟೇ ಸಾಕಾಗಿತ್ತು. ಎರಡು ಚೀಲ, ಕೊಡ, ಕೊನೆಗೆ ಅತ್ತೆಯನ್ನೂ ನನ್ನ ಪಕ್ಕಕ್ಕೆ ಇರಿಸಿ, "ಸ್ವಲ್ಪ ನೋಡ್ಕೋರಿ, ಮುಂಡರಗಿ ಬಸ್ಸು ಕೇಳ್ಕೊಂಡು ಇಲ್ಲೇ ಬಂದ್ನಿರಿ" ಎಂದು ಗಂಡ ಮಕ್ಕಳೊಂದಿಗೆ ಹೊರಟುಹೋದಳು.

'ಇಲ್ಲೇ ಬಂದ್ನಿ' ಎಂಬುದು ನಮ್ಮ ಕಡೆಯ ಕಾಲಮಾನ. ಹೊರಗಿನವರು ಅದನ್ನು ಒಂದೆರಡು ನಿಮಿಷ ಎಂದು ತಿಳಿದು ಮೋಸಹೋಗುತ್ತಾರೆ. ಹೇಳುವವರು ಇನ್ನೂ ಹೋಗಿಯೇ ಇರುವುದಿಲ್ಲ, ಆದರೆ ಆಗಲೇ 'ಬಂದ್ನಿ' ಎಂದು ಬಂದಾಗಿರುತ್ತದೆ. ವ್ಯಾಕರಣದ ಪ್ರಕಾರ ಕೆಲಸ ಮುಗಿದುಹೋಗಿರುವುದರಿಂದ ನಿಜವಾಗಿ ಬರುವ ಅವಸರ ಅವರಿಗೆ ಇರುವುದಿಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ, ನಾನು ಸಾಮಾನು ಕಾಯುವುದನ್ನು ನೋಡಿದ ಒಬ್ಬರು "ಹೆಂಗೂ ನೋಡಾಕತ್ತೀರಿ" ಎಂದು ಒಣಮೆಣಸಿನಕಾಯಿಯ ಚೀಲವನ್ನು ತಂದು ನನ್ನ ಕಾಲ ಬಳಿ ಕುಕ್ಕರಿಸಿ, ಅವರೂ ಇಲ್ಲೇ ಬಂದರು. ನಾನು ಸೀನತೊಡಗಿದೆ. ಮೂರನೆಯ ಸೀನಿನ ಹೊತ್ತಿಗೆ ಕಾಲೇಜು ಹುಡುಗನೊಬ್ಬ "ಆಂಟಿ, ಒಂದ್ ನಿಮಿಷ" ಎಂದು ಹೆಲ್ಮೆಟ್ಟನ್ನು ಕೊಡದ ಬಾಯಿಯ ಮೇಲೆ ಕವುಚಿ ಹೋದ. ಈಗ ನನ್ನ ಒಂದು ಪಕ್ಕದಲ್ಲಿ ಹೆಲ್ಮೆಟ್ ಧರಿಸಿದ ಕೊಡ, ಇನ್ನೊಂದು ಪಕ್ಕದಲ್ಲಿ ಅಜ್ಜಿ, ನಡುವೆ ಸೀನುತ್ತಿರುವ ನಾನು. ದಾರಿಯಲ್ಲಿ ಹೋಗುವವರೊಬ್ಬರು ನಿಂತು ಚೀಲದ ಬಾಯಿ ಬಿಚ್ಚಿ ನೋಡಿ, "ಕಿಲೋ ಹೆಂಗ್ರಿ?" ಎಂದು ಕೇಳಿದರು. ಮಾರುವುದಲ್ಲ ಎಂದೆ. "ಮತ್ಯಾಕ ಇಟ್ಕೊಂಡ ಕುಂತೀರಿ?" ಎಂದು ರೇಗಿದರು. ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು.

ಹುಬ್ಬಳ್ಳಿಯ ಬಸ್ಸು ಹೋದದ್ದು ಆಗಲೇ. ಎದ್ದು ಓಡೋಣವೆಂದರೆ ಅಜ್ಜಿಯನ್ನು ಯಾರಿಗೆ ಒಪ್ಪಿಸಲಿ?

ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದಿದ್ದ ಅಜ್ಜಿ, ಸಂಚಿಯಿಂದ ಎಲೆ ತೆಗೆದು, ತೊಟ್ಟು ಮುರಿದು, ತೊಡೆಯ ಮೇಲೆ ಎರಡೂ ಮಗ್ಗುಲು ಒರೆಸಿ, ಸುಣ್ಣ ಹಚ್ಚುತ್ತ, ಬಸ್ಸು ಹೋದ ದಿಕ್ಕನ್ನೂ ನನ್ನ ಮುಖವನ್ನೂ ನೋಡಿದಳು.

"ಯಾರ ಕೂಡ ಬಂದೀ ತಂಗೀ?"

"ಒಬ್ಬಾಕೀನ ಬಂದೀನಿ ಯವ್ವಾ."

"ಜಗಳಾ ಮಾಡ್ಕೊಂಡ ಬಂದಿ ಏನು?"

ಇಲ್ಲ, ಲಕ್ಕುಂಡಿಗೆ ಹೋಗಿದ್ದೆ, ಗುಡಿ ನೋಡಲು ಎಂದೆ.

"ಹರಕಿ ಇತ್ತೇನು?"

"ಇಲ್ಲ."

"ಮತ್ತೇನ್ ಬೇಡ್ಕೊಂಡಿ?"

"ಏನೂ ಬೇಡ್ಕೊಳ್ಳಲಿಲ್ಲ. ಸುಮ್ಮನ ಹೋಗಿದ್ದೆ."

ಅಜ್ಜಿಯ ಸುಣ್ಣದ ಬೆರಳು ಎಲೆಯ ಮೇಲೆ ನಿಂತುಬಿಟ್ಟಿತು. "ಸುಮ್ಮನ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, ನನ್ನನ್ನಲ್ಲ, ಎಲೆಯನ್ನೇ ಕೇಳುವಂತೆ, "ಸುಮ್ಮನ ಹೋಗಾಕ ಬರತೈತೇನು?" ಎಂದಳು. ತವರಿಗೆ ಹೋಗುವುದಾದರೆ ಅಪ್ಪ ಬಂದು ಕರೆದುಕೊಂಡು ಹೋಗುತ್ತಿದ್ದನಂತೆ, ಅಪ್ಪನ ನಂತರ ಅಣ್ಣ, ತಿರುಗಿ ತಂದು ಬಿಡಲು ಗಂಡ, ಈಗ ಮಗ. ಎಂದೂ ಒಬ್ಬಳೇ ಬಸ್ಸು ಹತ್ತಿದವಳಲ್ಲ. ದುಃಖದಿಂದ ಹೇಳಿದಳೆಂದೇನಲ್ಲ, ಲೆಕ್ಕ ಒಪ್ಪಿಸಿದಂತೆ ಹೇಳಿದಳು. ಎಲೆ ಮಡಿಸಿ ದವಡೆಗಿಟ್ಟುಕೊಂಡ ಮೇಲೆ ನನ್ನ ತೊಡೆ ತಟ್ಟಿ, "ಏಳು, ಚಹಾ ಕುಡದ ಬಾ. ಎಲ್ಲಾ ನಾ ನೋಡ್ಕೊಂತೀನಿ" ಎಂದಳು. ಆ ದಿನ ನನ್ನನ್ನು ಏನನ್ನಾದರೂ ಕಾಯಲು ಹಚ್ಚದೆ, ನನ್ನ ಚೀಲವನ್ನು ಕಾಯಲು ಒಪ್ಪಿಕೊಂಡವಳು ಅವಳೊಬ್ಬಳೇ.

ಚಹಾ ಕುಡಿದು ಬರುವಷ್ಟರಲ್ಲಿ ಸೊಸೆ ಬಂದು ನಿಂತಿದ್ದಳು, ಮಕ್ಕಳ ಕೈಯಲ್ಲಿ ಐಸ್‌ಕ್ರೀಮು. "ಏನ್ರೀ ಅಕ್ಕಾರ, ವಯಸ್ಸಾದ ಜೀವ, ಒಬ್ಬಾಕಿನ್ನ ಬಿಟ್ಟು ಎಲ್ಲಿ ಹೋಗಿದ್ರಿ?" ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡಳು. ನನ್ನ ಬಾಯಲ್ಲಿ ಮಾತು ಹೊರಡಲಿಲ್ಲ. ಅಜ್ಜಿಯೇ ಹೇಳಿದಳು, "ಒಬ್ಬಾಕೀನ ಇದ್ರ ಏನಾತು? ಸುಮ್ಮನ ಕುಂತಿದ್ದೆ." ಮುಂಡರಗಿ ಬಸ್ಸಿನ ಕಡೆಗೆ ಮಗ ಕೈಹಿಡಿಯಲು ಬಂದಾಗ ಕೈ ಕೊಡದೆ, ಕೊಡವನ್ನು ತಾನೇ ಬಗಲಲ್ಲಿಟ್ಟುಕೊಂಡು ನಡೆದಳು. ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟು ಹೋದಳು.

ಮೆಣಸಿನಕಾಯಿಯವರು ಬಂದು ಚೀಲ ಒಯ್ದರು. ಹೆಲ್ಮೆಟ್ಟಿನ ಹುಡುಗ ಬರಲೇ ಇಲ್ಲ. ಅವನ ಒಂದು ನಿಮಿಷಕ್ಕೆ ಮುಕ್ಕಾಲು ತಾಸಾಗಿತ್ತು, ಮುಂದಿನ ಹುಬ್ಬಳ್ಳಿಯ ಬಸ್ಸು ಬಂದು ನಿಂತಿತ್ತು, ಅದರಲ್ಲಿಯೂ ಕಿಟಕಿಯ ಪಕ್ಕ ಒಂದು ಸೀಟು ಖಾಲಿಯಿತ್ತು. ಸುತ್ತಲೂ ನೋಡಿದೆ. ಬೆಂಚಿನ ಆ ತುದಿಗೆ ಕನ್ನಡಕ ಹಾಕಿಕೊಂಡ ಒಬ್ಬ ಗೃಹಸ್ಥರು ಪತ್ರಿಕೆ ಓದುತ್ತ, ಯಾರ ಗೊಡವೆಗೂ ಹೋಗದೆ, ಬಹಳ ನೆಮ್ಮದಿಯಾಗಿ ಕುಳಿತಿದ್ದರು.

"ಒಬ್ಬರ ಏನ್ರಿ?" ಎಂದು ಕೇಳಿದೆ.

ಹೌದೆಂದರು.

ಹೆಲ್ಮೆಟ್ಟನ್ನು ಅವರ ಪಕ್ಕದಲ್ಲಿಟ್ಟು, "ಸ್ವಲ್ಪ ನೋಡ್ಕೋರಿ, ಇಲ್ಲೇ ಬಂದ್ನಿರಿ" ಎಂದು ಹೇಳಿ ಹುಬ್ಬಳ್ಳಿಯ ಬಸ್ಸು ಹತ್ತಿದೆ.