ರಾಯಭಾರ ಕಚೇರಿಯ ನೆಲ ಯಾರದು?

ರಾಯಭಾರ ಕಚೇರಿಯ ಗೇಟು ದಾಟಿದರೆ ಬೇರೆ ದೇಶದ ನೆಲ ತುಳಿದಂತೆ ಎನ್ನುವ ಸಂದೇಶ ಮತ್ತೆ ಮತ್ತೆ ಹರಿದಾಡುತ್ತದೆ. ಅದು ನಿಜವಲ್ಲ.

ಜಪಾನಿನ ಶಿಮೋದಾದಲ್ಲಿರುವ ಗ್ಯೊಕುಸೆನ್‌ಜಿ ಎಂಬ ಪುಟ್ಟ ಬೌದ್ಧ ದೇವಾಲಯವನ್ನೇ ನೋಡಿ. ಜಪಾನ್ ಮತ್ತು ಅಮೆರಿಕದ ನಡುವಿನ 1854ರ ಕನಗಾವಾ ಒಪ್ಪಂದದ ಬಳಿಕ, 1856ರಲ್ಲಿ ಜಪಾನಿಗೆ ಬಂದ ಅಮೆರಿಕದ ಮೊದಲ ಕಾನ್ಸಲ್, ಅಂದರೆ ಆ ಸರ್ಕಾರದ ಪ್ರತಿನಿಧಿ, ಅಲ್ಲಿ ಬಿಡಾರ ಹೂಡಿ, ಅಂಗಳದಲ್ಲಿ ತಮ್ಮ ದೇಶದ ಬಾವುಟ ಹಾರಿಸಿದರು. ಮೂರು ವರ್ಷದಷ್ಟು ಕಾಲ ಅದು ಕಾನ್ಸುಲೇಟ್, ಅಂದರೆ ಕಾನ್ಸಲ್‌ರ ಕಚೇರಿ ಆಗಿತ್ತು. ನೆಲ ಮಾತ್ರ ಜಪಾನಿನದೇ. ಇಂದಿಗೂ ಅದು ದೇವಾಲಯವೇ. ನನಗಂತೂ ಇದು ಬಲು ಚೆಂದದ ಸಾಕ್ಷಿ.

ಗೊಂದಲ ಸಹಜ. ಅನುಮತಿಯಿಲ್ಲದೆ ಸ್ಥಳೀಯ ಪೊಲೀಸರು ರಾಯಭಾರ ಕಚೇರಿಯೊಳಗೆ ಕಾಲಿಡುವಂತಿಲ್ಲ. ಅದು ರಕ್ಷಣೆಯಷ್ಟೇ, ಒಡೆತನವಲ್ಲ. ದೇಶಗಳ ನಡುವಿನ ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದ ಪಠ್ಯ ಅಂತರ್ಜಾಲದಲ್ಲಿ ಯಾರಿಗಾದರೂ ಸಿಗುತ್ತದೆ. 22ನೇ ವಿಧಿಯಲ್ಲಿ ಈ ರಕ್ಷಣೆಯಿದೆ. ರಾಯಭಾರಿಗಳೂ ತಾವಿರುವ ದೇಶದ ಕಾನೂನನ್ನು ಗೌರವಿಸಬೇಕೆಂದು 41ನೇ ವಿಧಿ ಹೇಳುತ್ತದೆ.