ಸತ್ಯಾಂಶ: ಸ್ಪೀಡಾಗಿ ಹೋದರೆ ಜೀಪು ಹಳ್ಳ ದಾಟುತ್ತದೆಯೇ?

ಮಳೆ ಹಿಡಿದರೆ ಸಾಕು, ಮೊಬೈಲ್‌ಗೆ ಒಂದು ವಿಡಿಯೋ ಮತ್ತೆ ಮತ್ತೆ ಬರುತ್ತದೆ. ಹಿಮದ ಮೇಲೆ ಓಡುವ ಸ್ನೋಮೊಬೈಲ್ ಎಂಬ ಗಾಡಿ ಅದರಲ್ಲಿ ನೀರಿನ ಮೇಲೆ ಜಾರುತ್ತಾ ಹೋಗುತ್ತದೆ. ಸ್ಪೀಡಿದ್ದರೆ ಜೀಪೂ ಹೀಗೇ ದಾಟುತ್ತದೆ ಎಂಬ ಸಾಲು ಜೊತೆಗೆ.

ಆ ಸಾಲು ತಪ್ಪು. ಸ್ನೋಮೊಬೈಲ್‌ಗೆ ಮುಂದೆ ಹಲಗೆಯಂಥ ಸ್ಕೀ, ಅಡಿಯಲ್ಲಿ ಅಗಲವಾದ ಬೆಲ್ಟ್ ಇದೆ. ವೇಗ ಇಳಿದರೆ ಅದೂ ಮುಳುಗುತ್ತದೆ. ಜೀಪನ್ನು ನೀರು ಕೆಳಗಿನಿಂದ ಎತ್ತುತ್ತದೆ, ಚಕ್ರದ ಹಿಡಿತ ತಪ್ಪುತ್ತದೆ, ಹರಿವು ಪಕ್ಕಕ್ಕೆ ತಳ್ಳುತ್ತದೆ. ಹರಿಯುವ ನೀರು 60 ಸೆಂ.ಮೀ. ಇದ್ದರೆ ದೊಡ್ಡ ಗಾಡಿಯೂ ಕೊಚ್ಚಿಹೋಗಬಹುದು. ನಮ್ಮ ಮಲೆನಾಡಿನ ಹಳ್ಳಗಳಲ್ಲಂತೂ ಕೆಮ್ಮಣ್ಣಿನ ನೀರಿನಡಿ ಮೋರಿ ಉಳಿದಿದೆಯೋ ಇಲ್ಲವೋ ಕಾಣುವುದೇ ಇಲ್ಲ, ಅಲ್ವಾ?

ವಿಡಿಯೋದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ, ಎಲ್ಲಿಯದೆಂದು ಎಷ್ಟೋ ಸಲ ಸಿಗುತ್ತದೆ. ಎಷ್ಟು ಆಳದ ನೀರಿಗೆ ಇಳಿಸಬಹುದೆಂದು ಗಾಡಿಯ ಮ್ಯಾನುವಲ್‌ನಲ್ಲೂ ನೋಡಿ. ಕಳಿಸಿದವರ ಮೇಲೆ ಸುಮ್ನೆ ಸಿಟ್ಟಾಗಬೇಡಿ. ಅವರಿಗೂ ಇದನ್ನು ತಿಳಿಸಿ.