ಭಾವನ ಈರುಳ್ಳಿ, ನಮ್ಮ ಅಡಿಕೆ

ನಮ್ಮದು ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರದ ಹತ್ತಿರ ಮೂರು ಎಕರೆ ಅಡಿಕೆ ತೋಟ. ಅಕ್ಕನನ್ನು ಕೊಟ್ಟಿರುವುದು ಚಳ್ಳಕೆರೆ ಕಡೆ. ಭಾವ ಪ್ರತಿ ಮುಂಗಾರಿಗೂ ಈರುಳ್ಳಿ ಹಾಕುತ್ತಾರೆ. ಹಬ್ಬಕ್ಕೆ ನಾವಿಬ್ಬರೂ ಸೇರಿದರೆ ಹೋಳಿಗೆ ಆರುವಷ್ಟರಲ್ಲಿ ಮಾತು ವಿದೇಶಾಂಗ ನೀತಿಗೆ ಹೋಗಿರುತ್ತೆ.

ಈ ಸಲ ನಾನು ಭೂತಾನ್ ಅಡಿಕೆಗೆ ಬೈಯುತ್ತಿದ್ದೆ. 2022ರಲ್ಲಿ ಕೇಂದ್ರ ಸರ್ಕಾರ ಅಲ್ಲಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಲು ಒಪ್ಪಿತು. ಹೊರಗಿನ ಅಡಿಕೆ ಕೆಜಿಗೆ ಇಷ್ಟಕ್ಕಿಂತ ಕಮ್ಮಿ ಬೆಲೆಗೆ ಒಳಗೆ ಬರಬಾರದು ಅಂತ ಒಂದು ಕಟ್ಟು ಇದೆ. 2023ರಲ್ಲಿ ಅದನ್ನು 251ರಿಂದ 351 ರೂಪಾಯಿಗೆ ಏರಿಸಿದರು. ಭೂತಾನಿನ ಈ ಅಡಿಕೆಗೆ ಮಾತ್ರ ಆ ಕಟ್ಟು ಇಲ್ಲ. "ಬಾಗಿಲು ಹಾಕಬೇಕು ಭಾವ" ಅಂದೆ.

"ನೀನು ಸುಲಭವಾಗಿ ಹೇಳ್ತೀಯಪ್ಪ. ಅದೇ ಬಾಗಿಲು ಹಾಕಿದ್ದಕ್ಕೆ ನನ್ನ ಈರುಳ್ಳಿ ಹೊಲದಲ್ಲೇ ಕೊಳೀತು" ಅಂದರು.

ಅವರ ಮಾತು ಸುಳ್ಳಲ್ಲ. 2019ರಲ್ಲೂ 2020ರಲ್ಲೂ ಈರುಳ್ಳಿ ರಫ್ತು ನಿಲ್ಲಿಸಿದ್ದು ಸೆಪ್ಟೆಂಬರ್‌ನಲ್ಲಿ. ನಮ್ಮ ದುರ್ಗದ ಮುಂಗಾರು ಈರುಳ್ಳಿ ಕಿತ್ತು ಮಾರುಕಟ್ಟೆಗೆ ಹೋಗುವ ಹೊತ್ತು ಅದು. ಈ ಈರುಳ್ಳಿಯನ್ನು ನಾಸಿಕ್‌ನ ಬೇಸಿಗೆ ಬೆಳೆಯ ಹಾಗೆ ತಿಂಗಳುಗಟ್ಟಲೆ ಕೂಡಿಡೋಕೆ ಆಗಲ್ಲ. ಮತ್ತೆ 2023ರ ಆಗಸ್ಟ್‌ನಲ್ಲಿ ಶೇ 40 ಸುಂಕ, ಡಿಸೆಂಬರ್‌ನಲ್ಲಿ ಪೂರ್ತಿ ನಿಷೇಧ. ಆಗ ನಮ್ಮ ದೇಶದ ಈರುಳ್ಳಿಗೆ ದೊಡ್ಡ ಗಿರಾಕಿ ಬಾಂಗ್ಲಾದೇಶ. 2019ರ ಅಕ್ಟೋಬರ್‌ನಲ್ಲಿ ದೆಹಲಿಗೆ ಬಂದಿದ್ದ ಅಲ್ಲಿನ ಆಗಿನ ಪ್ರಧಾನಿ ಶೇಖ್ ಹಸೀನಾ, ಅಡುಗೆಗೆ ಈರುಳ್ಳಿ ಹಾಕಬೇಡ ಅಂತ ಅಡುಗೆಯವರಿಗೆ ಹೇಳಿಬಿಟ್ಟಿದ್ದೇನೆ ಅಂತ ನಗುತ್ತಲೇ ಚುಚ್ಚಿದ್ದರು. ಮುಂಚೆಯೇ ತಿಳಿಸಿದ್ದರೆ ಬೇರೆ ಕಡೆಯಿಂದ ತರಿಸಿಕೊಳ್ಳುತ್ತಿದ್ದೆವು ಅನ್ನುವುದು ಅವರ ದೂರು. ಭಾವನ ದೂರೂ ಅದೇ. ಢಾಕಾದ ಪ್ರಧಾನಿಗೂ ಚಳ್ಳಕೆರೆಯ ರೈತನಿಗೂ ಒಂದೇ ಸಂಕಟ ನೋಡಿ.

ನೆರೆಯ ದೇಶಗಳು ಕೂಡಿ ನಡೆಯಲಿ ಅಂತಲೇ ಸಾರ್ಕ್ ಅನ್ನುವ ದಕ್ಷಿಣ ಏಷ್ಯಾ ದೇಶಗಳ ಕೂಟ ಹುಟ್ಟಿದ್ದು 1985ರಲ್ಲಿ. ಎರಡನೇ ಶೃಂಗಸಭೆ ನಮ್ಮ ಬೆಂಗಳೂರಿನಲ್ಲೇ ಆಯಿತು, 1986ರ ನವೆಂಬರ್‌ನಲ್ಲಿ. ಕೊನೆಯದು 2014ರಲ್ಲಿ ಕಠ್ಮಂಡುವಿನಲ್ಲಿ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಆಗಬೇಕಿದ್ದದ್ದು ಉರಿ ದಾಳಿಯ ನಂತರ ನಿಂತೇಹೋಯಿತು. ಸಾಫ್ಟಾ ಅನ್ನುವ ಮುಕ್ತ ವ್ಯಾಪಾರದ ಒಪ್ಪಂದ 2006ರಿಂದ ಇದ್ದರೂ, ಈ ದೇಶಗಳ ಒಟ್ಟು ವ್ಯಾಪಾರದಲ್ಲಿ ತಮ್ಮ ತಮ್ಮೊಳಗೆ ನಡೆಯುವುದು ಶೇ 5ರ ಆಸುಪಾಸು. ಆಗ್ನೇಯ ಏಷ್ಯಾದ ಕೂಟವಾದ ಆಸಿಯಾನ್ ದೇಶಗಳಲ್ಲಿ ಅದು ಶೇ 20ಕ್ಕೂ ಜಾಸ್ತಿ. ಇದಕ್ಕೆ ಎಲ್ಲರೂ ಭಾರತ-ಪಾಕಿಸ್ತಾನ ಜಗಳ ಅಂತಾರೆ. ನಿಜ, ಆದರೆ ಬಾಂಗ್ಲಾದೇಶಕ್ಕೆ ಈರುಳ್ಳಿ ನಿಲ್ಲಿಸಿದ್ದು ಪಾಕಿಸ್ತಾನ ಅಲ್ವಲ್ಲ.

ನಮ್ಮಜ್ಜ ಹೇಳ್ತಿದ್ದರು, 1956ಕ್ಕೆ ಮುಂಚೆ ಹರಿಹರದ ಸೇತುವೆ ದಾಟಿದರೆ ಬೇರೆ ಸರ್ಕಾರ ಅಂತ. ಹೊಳೆಯ ಈಚೆ ಮೈಸೂರು, ಆಚೆ ಬೊಂಬಾಯಿ. ಎರಡೂ ದಂಡೆಯಲ್ಲಿ ಬೀಗರೇ. ಈಗ ರಾಣೆಬೆನ್ನೂರಿನ ಮಾಲು ದಾವಣಗೆರೆ ಮಂಡಿಗೆ ಬಂದರೆ ಯಾಕೆ ಬಂತು ಅಂತ ಯಾರೂ ಕೇಳಲ್ಲ. ಒಂದೇ ದೇಶದೊಳಗಿನ ಮಾತು, ಹೋಲಿಕೆ ಪೂರ್ತಿ ಕೂಡಲ್ಲ, ಗೊತ್ತು. ಆದರೂ ಆ ಗಡಿಯನ್ನು ರಾತ್ರೋರಾತ್ರಿ ಮುಚ್ಚಲು ಯಾರಿಂದಲೂ ಆಗಲ್ಲ ಅನ್ನುವ ಧೈರ್ಯ ಇದೆಯಲ್ಲ, ವ್ಯಾಪಾರ ಬೆಳೆದದ್ದು ಅದರ ಮೇಲೆ.

ಯುರೋಪಿನವರ ಒಂದು ಜಾಣತನ ನನಗೆ ಇಷ್ಟ. ತಮ್ಮ ದೇಶಗಳ ಒಕ್ಕೂಟವನ್ನು ಕಲ್ಲಿದ್ದಲು, ಉಕ್ಕಿನಿಂದ ಶುರುಮಾಡಿದವರು 1962ರಲ್ಲಿ ರೈತರಿಗೆ ಅಂತಲೇ ಒಂದು ಸಾಮಾನ್ಯ ಕೃಷಿ ನೀತಿ ತಂದರು. 80ರ ದಶಕದಲ್ಲಿ ಒಕ್ಕೂಟದ ಬಜೆಟ್ಟಿನ ಮೂರನೇ ಎರಡರಷ್ಟು ಅದಕ್ಕೇ ಹೋಗ್ತಿತ್ತು. ಅತಿಯಾಗಿ ಬೆಣ್ಣೆ ಗೋದಾಮಿನಲ್ಲಿ ಗುಡ್ಡವಾಗಿ ಬಿದ್ದದ್ದೂ ಉಂಟು, ಅದು ಬೇರೆ ಕಥೆ. ಬಾಗಿಲು ತೆರೆದರೆ ಯಾರಿಗೆ ಪೆಟ್ಟು ಬೀಳುತ್ತೆ ಅಂತ ನೋಡಿ, ಅವರ ಪಾಲು ಮೊದಲೇ ಎತ್ತಿಟ್ಟರು. ಸಾಫ್ಟಾದಲ್ಲೂ ನಷ್ಟ ಪರಿಹಾರ ಇತ್ತು, ಆದರೆ ಅದು ಸುಂಕದ ವರಮಾನ ಕಳೆದುಕೊಳ್ಳುವ ಬಡ ದೇಶಗಳ ಸರ್ಕಾರಕ್ಕೆ. ತೋಟದವನಿಗಲ್ಲ.

ಸರಿಯಾಗಿ ಲೆಕ್ಕ ಹಾಕಿದರೆ ಭೂತಾನಿನ 17,000 ಟನ್ ನಮ್ಮನ್ನು ಮುಳುಗಿಸುವಂಥದ್ದಲ್ಲ. ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದರೆ ಐದನೇ ಒಂದು ಭಾಗ ಉಳಿದರೆ ಹೆಚ್ಚು. ನಮ್ಮ ದೇಶದ ಬೆಳೆಯೇ ಹತ್ತು ಲಕ್ಷ ಟನ್ ದಾಟುತ್ತೆ. ನಿಜವಾದ ಭಯ ಬರ್ಮಾ ಕಡೆಯಿಂದ ಕದ್ದು ಬರುವ ಮಾಲಿನದ್ದು. ಅದಕ್ಕೆ ಒಪ್ಪಂದವೂ ಬೇಡ, ಶೃಂಗಸಭೆಯೂ ಬೇಡ. ಹಾಗಾಗಿ ಭೂತಾನಿನವರು ಕಾಗದ ಸರಿಯಿಟ್ಟುಕೊಂಡು ತರಲಿ ಅಂತ ಈಗ ಅನ್ನಿಸ್ತಿದೆ. ಊರಲ್ಲಿ ಇದನ್ನು ಜೋರಾಗಿ ಹೇಳೋ ಧೈರ್ಯ ಮಾತ್ರ ಇಲ್ಲ, ಅದಕ್ಕೇ ಇಲ್ಲಿ ಬರೀತಿದ್ದೇನೆ.

ಭಾವನಿಗೂ ಹೇಳಿದೆ, ಬಾಗಿಲು ತೆರೆದಿರಲಿ ಅನ್ನೋ ನಿಮ್ಮ ಪಕ್ಷಕ್ಕೇ ಬಂದೆ ಅಂತ. ಅವರು ನಕ್ಕರು. ಹೋದ ತಿಂಗಳು ಎರಡು ಎಕರೆ ಈರುಳ್ಳಿ ಬಿಟ್ಟು ಕೊಳವೆಬಾವಿ ಕೊರೆಸಿ ಅಡಿಕೆ ಸಸಿ ಇಟ್ಟಿದ್ದಾರಂತೆ.